ಫರಸಿಯ ಠಣ್

ಶಹಾಬಾದ್ ಕಡೆ ಫರಸಿ ಕೊಳ್ಳಲು ಹೋದವರು ಕಣ್ಣೊಂದನ್ನೇ ನಂಬುವುದಿಲ್ಲ. ಮೈ ನುಣುಪಿದೆಯೇ, ಅಂಚು ನೆಟ್ಟಗಿದೆಯೇ ಎಂದು ನೋಡಿ ಆದಮೇಲೆ ಹಲಗೆಯ ಒಂದು ತುದಿ ಎತ್ತಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಾರೆ. ‘ಠಣ್’ ಅಂದರೆ ಕಲ್ಲು ಗಟ್ಟಿ. ‘ದಬ್’ ಅಂದರೆ ಒಳಗೆಲ್ಲೋ ಸೀಳು. ಅದನ್ನು ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಕೈ ಹಾಕುತ್ತಾರೆ. ನಮ್ಮ ಮನೆಯ ಪಡಸಾಲೆಗೆ ಕಲ್ಲು ಆರಿಸಲು ಅಪ್ಪನ ಹಿಂದೆ ಹೋದಾಗ ನನಗೆ ಎಂಟೋ ಒಂಬತ್ತೋ ವರ್ಷ. ಆವತ್ತು ಕೇಳಿದ ಠಣ್ಣನ್ನು ಕಳೆದ ಮಳೆಗಾಲದಲ್ಲಿ ಲ್ಯಾಪ್‌ಟಾಪಿನೊಳಗೆ ಹುಟ್ಟಿಸಲು ಕೂತೆ. ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದರೆ ಐದು ನಿಮಿಷದ ಕೆಲಸ. ನಾನು ಲೆಕ್ಕ ಹಾಕಿ ಹುಟ್ಟಿಸಲು ಹೊರಟಿದ್ದರಿಂದ ಹದಿನಾರು ಸಂಜೆ ಹಿಡಿಯಿತು.

ಲೆಕ್ಕ ನಡೆದದ್ದು ಒಂದು ಹಳೆಯ ಯಂತ್ರದ ನೆರಳಿನಲ್ಲಿ. ಯಮಾಹಾ ಕಂಪನಿ 1983ರಲ್ಲಿ ತಂದ ಡಿಎಕ್ಸ್-7 ಎಂಬ ಸಿಂಥಸೈಜರ್ ಅದು: 61 ಕೀ, ಒಮ್ಮೆಗೆ 16 ಸ್ವರ, ಅಮೆರಿಕದ ಬೆಲೆಯಲ್ಲಿ 1,995 ಡಾಲರ್. ಆ ಪೆಟ್ಟಿಗೆಯನ್ನು ನಾನು ಮುಟ್ಟಿಲ್ಲ, ಮುಟ್ಟುವ ಆಸೆಯೂ ಈಗ ಉಳಿದಿಲ್ಲ. ಅದರ ಒಳಗಣ ಲೆಕ್ಕವನ್ನೆಲ್ಲ ಹಾಗೆಯೇ ಎತ್ತಿಕೊಂಡು ಕಂಪ್ಯೂಟರಿಗೆ ಇಳಿಸಿದ ‘ಡೆಕ್ಸೆಡ್’ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರ ಹೃದಯ ಗೂಗಲಿನಲ್ಲಿದ್ದ ರಾಫ್ ಲೆವಿಯನ್ ಆಂಡ್ರಾಯ್ಡ್ ಫೋನಿಗೆಂದು ಬರೆದ ಕೋಡ್. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಕೀಲಿಮಣೆಗೆ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕ್ಯಾಸಿಯೋವನ್ನೇ ಯುಎಸ್‌ಬಿ ತಂತಿಯಿಂದ ಸಿಕ್ಕಿಸಿದೆ.

ನಾನು ಆರ್ಕೆಸ್ಟ್ರಾದವನು. ವಾಡಿ, ಚಿತ್ತಾಪುರ, ಸೇಡಂ ಸುತ್ತ ಲಗ್ನ, ಜಾತ್ರೆ, ಗಣಪತಿ ಅಂತ ಹತ್ತು ವರ್ಷಕ್ಕೂ ಮಿಕ್ಕಿ ಕೀಬೋರ್ಡ್ ಬಾರಿಸಿದ್ದೇನೆ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದ ಕ್ಯಾಸೆಟ್ ಬಂದಮೇಲೆ ಕೀಬೋರ್ಡ್ ಇಲ್ಲದ ಪಾರ್ಟಿಯನ್ನು ಯಾರೂ ಕರೆಯದಂತಾಯಿತು ಅಂತ ನನಗಿಂತ ಹಿರಿಯರು ಹೇಳುತ್ತಿದ್ದರು. ಕೀಬೋರ್ಡಿನಲ್ಲಿ ಕೂಡಿಸಿಟ್ಟ ಸದ್ದಿಗೆ ನಮ್ಮ ಮಂದಿ ‘ಪ್ರಿಸೆಟ್’ ಅನ್ನುವುದಿಲ್ಲ, ‘ಟೋನ್’ ಅನ್ನುತ್ತಾರೆ. ‘ಅವನ ಹತ್ರ ಛಲೋ ಟೋನ್ ಅವ’ ಅಂದರೆ ಆ ಸೀಸನ್ನಿನಲ್ಲಿ ಅವನಿಗೆ ಬುಕಿಂಗ್ ಹೆಚ್ಚು. ಟೋನ್ ಪೆನ್ ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತದೆ, ಮಾರಾಟವೂ ಆಗುತ್ತದೆ. ಒಮ್ಮೆ ಒಂದೂವರೆ ಸಾವಿರ ಕೊಟ್ಟು ‘ಹೊಸ ಜಾನಪದ ಟೋನ್’ ತಂದೆ. ತೆರೆದು ನೋಡಿದರೆ ನನ್ನ ಕೀಬೋರ್ಡಿನಲ್ಲಿ ಮೊದಲೇ ಇದ್ದ ಶಹನಾಯಿಗೆ ನಾಲ್ಕು ಬೇರೆ ಬೇರೆ ಹೆಸರು.

ಭಾರತಕ್ಕೆಂದೇ ಬರುವ ಕೀಬೋರ್ಡುಗಳ ಮೇಲೆ ನನ್ನ ತಕರಾರು ಬೇರೆ. ಯಮಾಹಾದ ‘ಐ’ ಸರಣಿ, ಕ್ಯಾಸಿಯೋದ ‘ಐಎನ್’ ಮಾದರಿಗಳು, ರೋಲ್ಯಾಂಡಿನ ಎಕ್ಸ್‌ಪಿಎಸ್-10: ಎಲ್ಲದರಲ್ಲೂ ಇಂಡಿಯನ್ ಟೋನ್ ಅಂತ ಒಂದು ಓಣಿ ಇದೆ. ಅಲ್ಲಿ ಸಿತಾರ್, ತಬಲಾ, ಶಹನಾಯಿ, ತಂಬೂರಿ, ಬಾನ್ಸುರಿ. ಚೆನ್ನಾಗಿಯೇ ಇವೆ. ಆದರೆ ಭಜನೆಯ ದಮ್ಮಡಿ ಎಲ್ಲಿ? ಯಲ್ಲಮ್ಮನ ಜೋಗತಿಯರ ಚೌಡಿಕೆ ಎಲ್ಲಿ? ಇದ್ದರೂ ರೆಕಾರ್ಡ್ ಮಾಡಿದ ಒಂದು ತುಣುಕು ಇರಬಹುದು. ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದೇ ತುಣುಕು, ಸ್ವಲ್ಪ ಸಣ್ಣ ಇಲ್ಲವೆ ಸ್ವಲ್ಪ ದೊಡ್ಡ. ರೆಕಾರ್ಡಿಂಗೇ ಇಲ್ಲದ ಯಂತ್ರಕ್ಕೆ ನಾನು ಮರಳಿದ್ದು ಈ ಸಿಟ್ಟಿಗೆ.

ಡಿಎಕ್ಸ್-7ರ ಒಳಗೆ ವೀಣೆಯೂ ಇಲ್ಲ, ಪಿಯಾನೋವೂ ಇಲ್ಲ. ಇರುವುದು ಆರು ಶುದ್ಧ ನಾದ, ಅವನ್ನು ಆಪರೇಟರ್ ಎನ್ನುತ್ತಾರೆ. ಅವು ಒಂದನ್ನೊಂದು ಹೇಗೆ ಕಾಡಬೇಕು ಎಂಬುದಕ್ಕೆ 32 ಜೋಡಣೆ. ಕಾಡುವುದು ಎಂದೆನಲ್ಲ, ಅದನ್ನು ಹೀಗೆ ನೋಡಿ. ಹಾಡುವವನೊಬ್ಬ ಸ್ವರ ಹಿಡಿದು ನಿಂತಿದ್ದಾನೆ, ಇನ್ನೊಬ್ಬ ಅವನ ಭುಜ ಹಿಡಿದು ಅಲುಗಿಸುತ್ತಿದ್ದಾನೆ. ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಸ್ವರ ಕಂಪಿಸಿದಂತೆ ಕೇಳುತ್ತದೆ. ಅದೇ ನೂರು, ಇನ್ನೂರು, ಐನೂರು ಸಲ ಅಲುಗಿಸಿದರೆ? ಕಂಪನ ಕಿವಿಗೆ ಸಿಗುವುದೇ ಇಲ್ಲ, ಹಾಡುವವನ ದನಿಯೇ ಬದಲಾಗಿಬಿಡುತ್ತದೆ. ಕೊಳಲಿದ್ದದ್ದು ಕಹಳೆ, ಕಹಳೆ ಇದ್ದದ್ದು ಗಂಟೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ಕಂಪನದ ವೇಗ ಏರಿಸುತ್ತ ಏರಿಸುತ್ತ ಹೋಗಿ ಎಡವಿದ್ದು ಇದಕ್ಕೇ. ಅವರು ಎಂಜಿನಿಯರ್ ಅಲ್ಲ, ಸಂಗೀತ ಬರೆಯುವವರು. ಅಮೆರಿಕದ ಆರ್ಗನ್ ಕಂಪನಿಗಳಿಗೆ ಇದರ ಮರ್ಮ ತಿಳಿಯಲಿಲ್ಲ, ಜಪಾನಿನ ಯಮಾಹಾಕ್ಕೆ ತಿಳಿಯಿತು. ಆ ಪೇಟೆಂಟಿನಿಂದ ಸ್ಟ್ಯಾನ್‌ಫರ್ಡಿಗೆ ಬಂದದ್ದು 2 ಕೋಟಿ ಡಾಲರಿಗೂ ಹೆಚ್ಚು.

ಅಲುಗಿಸುವವನ ವೇಗ ಹಾಡುವವನ ವೇಗದ ಎರಡು ಪಟ್ಟು, ಮೂರು ಪಟ್ಟು ಎಂದು ಪೂರ್ಣ ಸಂಖ್ಯೆಯಲ್ಲಿ ಕೂತರೆ ಸದ್ದು ಇಂಪು: ತಂತಿ, ಗಾಳಿ, ಹಾರ್ಮೋನಿಯಂ ಪೇಟಿಯ ಜಾತಿ. ಅರ್ಧಂಬರ್ಧ ಕೂತರೆ ಲೋಹ, ಗಾಜು, ಕಲ್ಲು. ಇದನ್ನು ಓದುವಾಗ ನನಗೆ ನೆನಪಾದವನು ಮಹಾವೀರಾಚಾರ್ಯ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ ಕೂತು ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ. ‘ಕವಿರಾಜಮಾರ್ಗ’ ಹುಟ್ಟಿದ ಆ 9ನೇ ಶತಮಾನದಲ್ಲೇ ಅವನ ‘ಗಣಿತಸಾರಸಂಗ್ರಹ’ವೂ ಹುಟ್ಟಿತು. ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಮೊದಲಲ್ಲೇ ಪಟ್ಟಿ ಕೊಡುತ್ತಾನೆ. ಅದರಲ್ಲಿ ಅಡಿಗೆ, ವೈದ್ಯ, ವಾಸ್ತುಗಳ ಜೊತೆ ಸಂಗೀತವೂ ಇದೆ. ಮಳಖೇಡದ ಕೋಟೆಗೆ ಶಾಲೆಯಿಂದ ಪ್ರವಾಸ ಕರೆದೊಯ್ದಾಗ ನಮಗೆ ನೃಪತುಂಗನ ಹೆಸರಷ್ಟೇ ಹೇಳಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂಡಿಸಿದ್ದರು.

ಈಗ ಫರಸಿಗೆ ಬರುತ್ತೇನೆ.

ಮೊದಲ ದಿನ ಕಾರ್ಖಾನೆಯಿಂದಲೇ ಬಂದ ಗಂಟೆಯ ಟೋನ್ ತೆಗೆದು ತಿದ್ದಲು ನೋಡಿದೆ. ಅಲ್ಲಿ ಅಲುಗಿಸುವವನಿಗೂ ಹಾಡುವವನಿಗೂ ಮೂರೂವರೆ ಪಟ್ಟಿನ ಅಂತರ. ಎಷ್ಟು ತಿದ್ದಿದರೂ ಇಗರ್ಜಿಯ ಗಂಟೆ ಇಗರ್ಜಿಯಲ್ಲೇ ಉಳಿಯಿತು. ಆಮೇಲೆ ಭೌತಶಾಸ್ತ್ರದ ಹಳೆಯ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ಎರಡೂ ತುದಿ ಬಿಡುವಾಗಿರುವ ಉದ್ದನೆಯ ಪಟ್ಟಿಯನ್ನು ಬಡಿದರೆ ಮೂಲ ಸ್ವರದ ಜೊತೆಗೆ ಅದರ 2.76 ಪಟ್ಟು ಮತ್ತು 5.40 ಪಟ್ಟು ಎತ್ತರದ ಸ್ವರಗಳು ಏಳುತ್ತವೆ. ಅಗಲವಾದ ಹಲಗೆಯ ಲೆಕ್ಕ ಇದಕ್ಕಿಂತ ಸಿಕ್ಕು, ಆದರೆ ಶುರು ಮಾಡಲು ಇಷ್ಟು ಸಾಕಿತ್ತು. ಡಿಎಕ್ಸ್-7ರ ಐದನೇ ಜೋಡಣೆಯಲ್ಲಿ ಮೂರು ಜೋಡಿ ಇವೆ, ಜೋಡಿಗೊಬ್ಬ ಹಾಡುವವ, ಒಬ್ಬ ಅಲುಗಿಸುವವ. ಮೂವರು ಹಾಡುವವರನ್ನು 1.00, 2.76, 5.40ರಲ್ಲಿ ನಿಲ್ಲಿಸಿದೆ. ಯಂತ್ರದಲ್ಲಿ 2.76 ಬರಿಸಲು ದಪ್ಪ ಗುಬುಟಿ 2ಕ್ಕೆ, ಸಣ್ಣದು 38ಕ್ಕೆ, 5.40ಕ್ಕೆ 5 ಮತ್ತು 8. ಕೀ ಒತ್ತಿದೆ. ಮೊದಲ ಬಾರಿಗೆ ಗಂಟೆ ಹೋಗಿ ಕಲ್ಲಿನ ವಾಸನೆ ಬಂತು. ಕಿವಿಗೆ ವಾಸನೆ ಬರುವುದುಂಟು, ಆರ್ಕೆಸ್ಟ್ರಾದವರನ್ನು ಕೇಳಿ.

ಆದರೂ ಅದು ಸತ್ತ ಕಲ್ಲು. ನಿಜವಾದ ಫರಸಿ ಕುಟ್ಟಿದಾಗ ಮೊದಲು ಸುತ್ತಿಗೆ ಕೇಳುತ್ತದೆ, ಕಲ್ಲು ಆಮೇಲೆ. ನಡುವೆ ಕಣ್ಣು ಮಿಟುಕಿಸುವಷ್ಟೂ ಸಮಯ ಇಲ್ಲ, ಆದರೆ ಆ ಕ್ರಮ ತಪ್ಪಿದರೆ ಕಿವಿ ಒಪ್ಪುವುದಿಲ್ಲ. ಆರನೇ ಆಪರೇಟರಿಗೆ ತನ್ನನ್ನೇ ತಾನು ಅಲುಗಿಸಿಕೊಳ್ಳುವ ಗುಣ ಇದೆ. 0ಯಿಂದ 7ರ ತನಕ ಏರಿಸಬಹುದು. 7ಕ್ಕೆ ಏರಿಸಿದರೆ ಮರಳು ಸುರಿದಂಥ ಸದ್ದು. ಅದನ್ನು ಹುಟ್ಟಿದ ಕೂಡಲೇ ಸಾಯುವಂತೆ ಕಟ್ಟಿದೆ. ಆ ಚಿಟಿಕೆ ಮರಳೇ ಸುತ್ತಿಗೆಯ ಮೂತಿ. ಇನ್ನು ಎತ್ತರದ ಸ್ವರಗಳು ಬೇಗ ಆರಬೇಕು, ತಗ್ಗಿನದು ಒಂದರ್ಧ ಸೆಕೆಂಡ್ ಹೆಚ್ಚು ನಿಲ್ಲಬೇಕು. ಪ್ರತಿ ಆಪರೇಟರಿಗೆ ನಾಲ್ಕು ವೇಗ, ನಾಲ್ಕು ಮಟ್ಟ, ಎಲ್ಲವೂ 0ಯಿಂದ 99ರೊಳಗೆ. ಆರಕ್ಕೆ ನಲವತ್ತೆಂಟು ಅಂಕಿ. ಹದಿನಾರು ಸಂಜೆ ಹೋದದ್ದು ಇಲ್ಲೇ. ಡೆಕ್ಸೆಡ್‌ನಲ್ಲಿ ಎಂಜಿನ್ ಆರಿಸುವ ಗುಂಡಿ ಇದೆ: ‘ಮಾಡರ್ನ್’ ಎಂಬುದು ಶುಭ್ರ, ‘ಮಾರ್ಕ್ ಒನ್’ ಎಂಬುದು ಹಳೆಯ ಚಿಪ್ಪಿನ ಒರಟುತನವನ್ನೂ ಹಚ್ಚಿಕೊಟ್ಟದ್ದು. ಫರಸಿಗೆ ಒರಟುತನ ಬೇಕೇ ಬೇಕಿತ್ತು.

ಹದಿನೇಳನೇ ದಿನ ಕೊನೆಗೊಂದು ಕಿಡಿಗೇಡಿತನ ಹೊಳೆಯಿತು. ಎರಡನೇ ಜೋಡಿಯನ್ನು ಸ್ವಲ್ಪ ಕದಲಿಸಿ, ತಗ್ಗಿನ ಸ್ವರವನ್ನು ಬೇಗ ಕೊಂದರೆ ‘ದಬ್’ ಅಂತು. ಸೀಳು ಬಿಟ್ಟ ಹಲಗೆ. ಅದನ್ನೂ ಬೇರೆ ಟೋನ್ ಮಾಡಿ ಇಟ್ಟಿದ್ದೇನೆ. ಹಾಡಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತಿದೆ, ಹಲಗೆ ವಾದ್ಯದ ಬಡಿತದ ಕೆಳಗೆ ಚೆನ್ನಾಗಿ ಕೂಡುತ್ತದೆ.

ಹೆಸರಿಡುವ ಕಷ್ಟ ಒಂದಿದೆ. ಟೋನಿನ ಹೆಸರಿಗೆ ಯಂತ್ರ ಕೊಡುವುದು ಹತ್ತೇ ಅಕ್ಷರ, ಅದೂ ಇಂಗ್ಲಿಷಿನವು. ಫರಸಿ ಐದರಲ್ಲಿ ಮುಗಿಯಿತು. ಚೌಡಿಕೆಗೆ ಎಂಟು. ‘ನಾಗಾವಿ ಚೌಡಿಕೆ’ ಹಿಡಿಯುವುದಿಲ್ಲ. ಒಂದು ಟೋನ್ ಇಡಲು ಬೇಕಾಗುವುದು ಬರೀ 128 ಬೈಟ್, 32 ಟೋನಿನ ಇಡೀ ಬ್ಯಾಂಕಿಗೆ 4,096. ಫೋನಿನಲ್ಲಿ ಒಂದು ಕನ್ನಡ ಅಕ್ಷರ ಮೂರು ಬೈಟ್ ತಿನ್ನುತ್ತದೆ, ಒತ್ತು ಗುಣಿತ ಬಂದರೆ ಇನ್ನೂ ಹೆಚ್ಚು. ಬೆಳಿಗ್ಗೆ ಎದ್ದು ಮಾವ ಕಳಿಸುವ ಶುಭೋದಯದ ಸಂದೇಶಕ್ಕಿಂತ ಒಂದು ಫರಸಿ ಹಗುರ. ಈ ಲೇಖನ ಹಿಡಿಯುವ ಜಾಗದಲ್ಲಿ ಅಂಥ ಐದಾರು ಬ್ಯಾಂಕ್ ಆರಾಮಾಗಿ ಕೂಡುತ್ತವೆ.

ಮೂಲ ಯಂತ್ರದ ಟೋನ್‌ಗಳನ್ನು ಮಾಡಿಕೊಟ್ಟವರಲ್ಲಿ ಡೇವ್ ಬ್ರಿಸ್ಟೋ ಮತ್ತು ಗ್ಯಾರಿ ಲ್ಯೂಯೆನ್‌ಬರ್ಗರ್ ಎಂಬಿಬ್ಬರ ಹೆಸರು ಮೊದಲು ಬರುತ್ತದೆ. ಅದರ ಎಲೆಕ್ಟ್ರಿಕ್ ಪಿಯಾನೋ ಟೋನ್ ಎಂಬತ್ತರ ದಶಕದ ಪ್ರೇಮಗೀತೆಗಳಲ್ಲಿ ಎಲ್ಲೆಲ್ಲೂ ಹರಿದಿದೆ. ಹೆಸರು ಗೊತ್ತಿಲ್ಲದವರೂ ಕೇಳಿದರೆ ಗುರುತಿಸುತ್ತಾರೆ. ಯಂತ್ರದ ಮೇಲಿದ್ದದ್ದು ಎರಡು ಸಾಲಿನ ಸಣ್ಣ ಪರದೆ. ಅದರಲ್ಲಿ ನೂರೈವತ್ತಕ್ಕೂ ಹೆಚ್ಚು ಅಂಕಿಯನ್ನು ಒಂದೊಂದಾಗಿ ತಿದ್ದುವ ತಾಳ್ಮೆ ಎಷ್ಟು ಜನಕ್ಕೆ ಬರಬೇಕು? ಹೀಗಾಗಿ ಲೋಕವೆಲ್ಲ ಕೊಟ್ಟದ್ದನ್ನೇ ಬಾರಿಸಿತು. ಸಾಫ್ಟ್‌ವೇರ್‌ನಿಂದ ಆದ ದೊಡ್ಡ ಉಪಕಾರ ಪುಕ್ಕಟೆ ಸಿಕ್ಕಿದ್ದಲ್ಲ, ಎಲ್ಲ ಅಂಕಿಯೂ ಒಂದೇ ಪರದೆಯ ಮೇಲೆ ಕಾಣುವುದು.

ನಮ್ಮ ದೇಶಕ್ಕೆ ಸಿಂಥಸೈಜರ್ ಹೊಸತೇನಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಯಂತ್ರ ಬಂದಿತ್ತು, ಕೂಡಿಸಲು ನ್ಯೂಯಾರ್ಕಿನಿಂದ ಡೇವಿಡ್ ಟ್ಯೂಡರ್ ಬಂದಿದ್ದರು. ಗೀತಾ ಸಾರಾಭಾಯಿಯವರಂಥವರು ಅದರ ಮೇಲೆ ಕೆಲಸ ಮಾಡಿದರು. ಟೇಪುಗಳು ಕಪಾಟಿನಲ್ಲಿ ದಶಕಗಟ್ಟಲೆ ಮಲಗಿದ್ದವು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳ ಮೇಲೆ ಡಿಸ್ಕೋ ಬೀಟಿಗೆ ಹತ್ತು ರಾಗ ನುಡಿಸಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಬಾಯಿ ತೆರೆದು ಕೇಳಿದರು. ಎರಡನ್ನೂ ನಾನು ಮೊಬೈಲಿನಲ್ಲಿ ಕೇಳಿದ್ದು ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ, ತಡವಾದ ಗಾಡಿ ಕಾಯುತ್ತ.

ವಾಡಿಯದೂ ಒಂದು ಟೋನ್ ಇದೆ. ಮುಂಬಯಿ–ಮದ್ರಾಸ್ ಹಾದಿಯಿಂದ ನಿಜಾಮರ ಹಳಿ 1874ರಲ್ಲಿ ಸಿಕಂದರಾಬಾದಿಗೆ ಕವಲೊಡೆದದ್ದು ಇಲ್ಲಿಂದಲೇ. ಈಗ ಧ್ವನಿವರ್ಧಕದಲ್ಲಿ ಟಿಂಗ್ ಟಾಂಗ್ ಬರುತ್ತದೆ. ಹಿಂದೆ ಸ್ಟೇಷನ್ನುಗಳಲ್ಲಿ ಕತ್ತರಿಸಿದ ಹಳಿಯ ತುಂಡನ್ನೇ ತೂಗುಹಾಕಿ ಕಬ್ಬಿಣದ ಕೋಲಿನಿಂದ ಬಡಿಯುತ್ತಿದ್ದರು. ಹಳಿಯ ತುಂಡೂ ಎರಡು ತುದಿ ಬಿಟ್ಟ ಪಟ್ಟಿಯೇ, ಹಾಗಾಗಿ ಫರಸಿಯ ಲೆಕ್ಕವೇ ಇಲ್ಲಿಗೂ ಬಂತು. ಸುತ್ತಿಗೆಯ ಮರಳು ತೆಗೆದು, ಆರುವ ಹೊತ್ತನ್ನು ನಾಲ್ಕು ಪಟ್ಟು ಉದ್ದ ಮಾಡಿದೆ, ಅಷ್ಟೇ. ಸಿಮೆಂಟ್ ಫ್ಯಾಕ್ಟರಿಯ ಭೋಂಗಾ ಇನ್ನೂ ಸುಲಭ. ಅದನ್ನು ಮಗ ಹತ್ತು ನಿಮಿಷದಲ್ಲಿ ಮಾಡಿದ, ಮನೆಯವರೆಲ್ಲ ಬೈದರು.

ಚೌಡಿಕೆ ಸುಲಭಕ್ಕೆ ಬಗ್ಗಲಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿ ಹಿಂದೆ ಘಟಿಕಾಸ್ಥಾನ, ಶಾಸ್ತ್ರ ಓದಿಸಿದ ಜಾಗ. ಈಗ ನಮ್ಮವರಿಗೆ ನಾಗಾವಿ ಅಂದರೆ ಯಲ್ಲಮ್ಮ. ಚೌಡಿಕೆಯಲ್ಲಿ ಒಂದು ಕೈ ತಂತಿ ಮೀಟುತ್ತದೆ, ಇನ್ನೊಂದು ತಂತಿಯ ಬಿಗಿಯನ್ನು ಏರಿಸಿ ಇಳಿಸುತ್ತದೆ. ತಂತಿ ಚರ್ಮದಿಂದಲೇ ಹೊರಡುವುದರಿಂದ ಬಿಗಿ ಏರಿದಾಗ ಚರ್ಮವೂ ಬಿಗಿಯುತ್ತದೆ, ದನಿ ಎತ್ತರವಾಗುವುದರ ಜೊತೆಗೆ ಮೂಗಿನದಾಗುತ್ತದೆ. ಕೀಬೋರ್ಡಿನ ಎಡಗಡೆ ಸ್ವರ ಎಳೆಯುವ ಚಕ್ರ ಇದೆ, ಪಕ್ಕದಲ್ಲೇ ಇನ್ನೊಂದು ಚಕ್ರ. ಮೊದಲನೆಯದು ತಂತಿ, ಎರಡನೆಯದು ಚರ್ಮ ಎಂದುಕೊಂಡು ಎರಡನ್ನೂ ಒಂದೇ ಹೆಬ್ಬೆರಳಿನ ಬುಡದಿಂದ ತಳ್ಳುವುದು ರೂಢಿಸಿಕೊಂಡೆ. ಕೀಯನ್ನು ಜೋರಾಗಿ ಒತ್ತಿದಷ್ಟೂ ಅಲುಗಿಸುವವನಿಗೆ ಬಲ ಬರುವಂತೆ ಕಟ್ಟಿದೆ. ಹೀಗಾಗಿ ಮೆಲ್ಲಗೆ ಮೀಟಿದರೆ ಬರೀ ಗುಂಯ್, ಕುಟ್ಟಿದರೆ ಚಂಯ್. ರೆಕಾರ್ಡಿಂಗ್ ಟೋನಿನಲ್ಲಿ ನನಗೆ ಎಂದೂ ಸಿಗದಿದ್ದದ್ದು ಇದೇ.

ಪರೀಕ್ಷೆಗೆಂದು ಕಾಗಿಣಾ ದಂಡೆಯ ಒಂದು ಊರಿನ ಅಮಾಸಿ ಭಜನಿಗೆ ಹೋದೆ. ತಂತಿ ಮರೆತಿದ್ದೆ. ಅಲ್ಲೇ ಇದ್ದ ಬ್ಲೂಟೂತ್ ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಬೆರಳು ಬಿದ್ದದ್ದು ಈಗ, ಸದ್ದು ಬಂದದ್ದು ಆಮೇಲೆ. ತಾಳದವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕಡಕೋಳ ಮಡಿವಾಳಪ್ಪನ ಪದ ನಡೆದಿತ್ತು, ನಾನು ಅರ್ಧ ಮಾತ್ರೆ ಹಿಂದೆ ಎಳೆದಾಡುತ್ತಿದ್ದೆ. ಎರಡನೇ ನುಡಿಗೆ ಕೈ ಕಟ್ಟಿ ಕೂತೆ. ಮುಂದಿನ ಅಮಾಸಿಗೆ ತಂತಿ ತಗೊಂಡು ಹೋದೆ, ವಿಂಡೋಸಿಗೆ ಒಂದು ಪುಕ್ಕಟೆ ಡ್ರೈವರ್ ಹಾಕಿ ತಡವನ್ನು ಕಿವಿಗೆ ಸಿಗದಷ್ಟು ಇಳಿಸಿದ್ದೆ. ಈ ಸಲ ಕಾಳಿ ಎರಡರ ಶ್ರುತಿಯಲ್ಲಿ ಪದ ಎತ್ತಿದರು. ಚೌಡಿಕೆ ಕೂಡಿಕೊಂಡಿತು.

ಪೇಟಿ ಹಿಡಿದ ಹಿರಿಯರು ಹಾಡು ಮುಗಿದ ಮೇಲೆ ಚಾ ಕುಡಿಯುತ್ತ ಅಂದರು: ‘ಕೀರಲು ಜಾಸ್ತಿ ಅದ. ತುಸು ಕಮ್ಮಿ ಮಾಡ್ರಿ. ಮತ್ತ ಆ ಕಲ್ಲಿಂದು ಬ್ಯಾಡ, ಅದು ಮನಿ ಕಟ್ಟೋ ಸಪ್ಪಳ.’ ಪಕ್ಕದ ಹುಡುಗನೊಬ್ಬ, ಇದೆಲ್ಲ ವಿದೇಶಿ ಮಿಷನ್ನು, ಭಜನಿಗೆ ಯಾಕೆ ಎಂದು ಕೇಳಿದ. ನಾನು ಪೇಟಿ ತೋರಿಸಿದೆ. ಅದು ಪ್ಯಾರಿಸಿನ ದೆಬೆನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ ವಸ್ತು. ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು. ಹಿರಿಯರು ಪೇಟಿಯ ತಿದಿಯನ್ನು ಮುಚ್ಚಿ, ‘ಹೌದೇನು?’ ಎಂದು ಅದನ್ನೇ ಹೊಸದಾಗಿ ನೋಡಿದರು. ಕೀರಲು ಕಡಿಮೆ ಮಾಡಿದೆ. ಅಲುಗಿಸುವವನ ಮಟ್ಟ 84 ಇದ್ದದ್ದು ಈಗ 76.

ಇನ್ನು ಚಿಂಚೋಳಿ. ಆ ಕಡೆ ಕಾಡು, ಎತ್ತಿಪೋತದ ನೀರು, ತಾಂಡಾಗಳು. ಲಂಬಾಣಿ ಹೆಂಗಸರು ಸಾಲಾಗಿ ಕುಣಿಯುವಾಗ ಲಂಗದ, ಕುಪ್ಪಸದ ನಾಣ್ಯ, ಗೆಜ್ಜೆ, ಕೈತುಂಬಾ ಬಳೆ ಎಲ್ಲ ಸೇರಿ ಏಳುವ ಸದ್ದನ್ನು ಹಿಡಿಯಬೇಕೆಂದು ಮೂರು ತಿಂಗಳಿಂದ ಕೂತಿದ್ದೇನೆ. ಒಂದು ಗೆಜ್ಜೆ ಬರುತ್ತದೆ, ಅದಕ್ಕೇನೂ ತೊಂದರೆ ಇಲ್ಲ. ನೂರು ಗೆಜ್ಜೆ ಬರುವುದಿಲ್ಲ. ಒಂದು ಕೀಗೆ ಒಂದು ಪೆಟ್ಟು ಎಂಬುದು ಈ ಯಂತ್ರದ ಧರ್ಮ. ಅಲ್ಲಿ ಒಂದು ಹೆಜ್ಜೆಗೆ ನೂರು ಪೆಟ್ಟು, ನೂರೂ ಕೂದಲೆಳೆಯಷ್ಟು ಹಿಂದೆ ಮುಂದೆ. ಮರಳಿನ ಸದ್ದು ಏರಿಸಿ ನೋಡಿದರೆ ಕುಕ್ಕರಿನ ಸೀಟಿಯಾಗುತ್ತದೆ. ಆರೂ ಆಪರೇಟರುಗಳನ್ನು ಬಿಡಿಬಿಡಿಯಾಗಿ ಹಾಡಿಸುವ ಮೂವತ್ತೆರಡನೇ ಜೋಡಣೆಯಲ್ಲಿ ಆರು ಗೆಜ್ಜೆ ಬಂದವು. ಆರು ಜನ ಸಾಲಿನಲ್ಲಿ ನಿಂತು ಕುಣಿಯಲು ಕಾಯುತ್ತಿರುವಂತೆ.

ಬ್ಯಾಂಕಿನಲ್ಲಿ ಈಗ ಹನ್ನೊಂದು ಟೋನ್ ಇವೆ. ಹನ್ನೆರಡನೇ ಮನೆಗೆ ಚಿಂಚೋಳಿ ಎಂದು ಹೆಸರಿಟ್ಟಿದ್ದೆ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ, ‘ಳ’ ಹೋಗಿ ‘ಲ’ ಆಗುತ್ತದೆ, ಹಿಡಿಯುತ್ತದೆ. ಮೊನ್ನೆ ಎಲ್ಲ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದೆ. ಅಳಿಸಿದಾಗ ಯಂತ್ರ ತಾನಾಗಿಯೇ ಒಂದು ಹೆಸರು ಹಾಕಿಕೊಳ್ಳುತ್ತದೆ, ‘ಇನಿಟ್ ವಾಯ್ಸ್’ ಅಂತ; ನಡುವಿನ ಖಾಲಿ ಜಾಗ ಸೇರಿ ಸರಿಯಾಗಿ ಹತ್ತು ಅಕ್ಷರ. ಹನ್ನೆರಡನೇ ಮನೆಯಲ್ಲಿ ಸದ್ಯಕ್ಕೆ ಅದೇ ಇದೆ. ಒತ್ತಿದರೆ ಯಾರೂ ಅಲುಗಿಸದ ಒಂದೇ ಒಂದು ಬೋಳು ನಾದ ಬರುತ್ತದೆ.